ಹಣೆಯ ಮೇಲಿನ ಗೆರೆ

ಅಪ್ಪನ ವರ್ಷದ ತಿಥಿಗೆ ಒಂದು ಬ್ಯಾನರ್ ಬೇಕಿತ್ತು. ಆರಡಿ ಅಗಲ, ನಾಲ್ಕಡಿ ಎತ್ತರ. ರಾತ್ರಿ ಎಂಟರ ಹೊತ್ತಿಗೆ ಬಸ್ ನಿಲ್ದಾಣದ ಹಿಂದಿನ ಫ್ಲೆಕ್ಸ್ ಅಂಗಡಿಗೆ ಹೋದೆ. ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರ ಮಾರ್ಚಿನಲ್ಲೇ ನಿಷೇಧಿಸಿದ್ದರೂ ಅಂಗಡಿಗೆ ಆ ಹೆಸರು ಅಂಟಿಕೊಂಡೇ ಇದೆ. ನಾನು ಕೇಳಿದ್ದು ಬಟ್ಟೆಯ ಬ್ಯಾನರ್. ಯಂತ್ರದ ಹೆಡ್ ಅತ್ತಿಂದಿತ್ತ ಓಡಾಡುತ್ತ ಅಪ್ಪನನ್ನು ನೆತ್ತಿಯ ಕಡೆಯಿಂದ ಸ್ವಲ್ಪ ಸ್ವಲ್ಪವೇ ಹೊರಗೆ ಬಿಡುತ್ತಿತ್ತು. ನರೆಗೂದಲು ಬಂತು, ಹಣೆ ಬಂತು. ಹಣೆಗೆ ಅಡ್ಡಲಾಗಿ ಒಂದು ತೆಳು ಹಳದಿ ಗೆರೆಯೂ ಬಂತು. ಅಪ್ಪ ಗಂಧ ಹಚ್ಚಿಕೊಳ್ಳುತ್ತಿದ್ದವರಲ್ಲ. ನೋಡುತ್ತಿದ್ದಂತೆ ಅಷ್ಟೇ ಅಂತರ ಬಿಟ್ಟು ಹುಬ್ಬಿನ ಮೇಲೊಂದು, ಮೂಗಿನ ಮೇಲೊಂದು.

‘ಒಂದು ಕ್ಲೀನಿಂಗ್ ಕೊಡಪ್ಪ’ ಎಂದೆ. ಮನೆಯ ಸಣ್ಣ ಪ್ರಿಂಟರಿನಿಂದ ಕಲಿತ ವಿದ್ಯೆ. ಆಪರೇಟರ್ ಹುಡುಗ ಯಂತ್ರವನ್ನೇನೋ ನಿಲ್ಲಿಸಿದ, ಕ್ಲೀನಿಂಗಿಗೆ ಮಾತ್ರ ಕೈ ಹಾಕಲಿಲ್ಲ. ‘ಮೊದ್ಲು ಯಾರು ಬಂದಿಲ್ಲ ನೋಡೋಣ ಸರ್’ ಎಂದು ನಾಝಲ್ ಚೆಕ್ ತೆಗೆದ.

ಬಟ್ಟೆಯ ಅಂಚಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪುಟ್ಟ ಗೀಟುಗಳು ಮೂಡಿದವು. ಸಯಾನ್, ಮೆಜೆಂಟಾ, ಹಳದಿ, ಕಪ್ಪು ಎಂದು ನಾಲ್ಕು ಗುಂಪು. ಒಂದು ಹೆಡ್ಡಿನಲ್ಲಿ 512 ರಂಧ್ರ, ಒಂದೊಂದು ರಂಧ್ರಕ್ಕೆ ಒಂದೊಂದು ಗೀಟು. ಚಿತ್ರದಲ್ಲಾದರೆ ಎಲ್ಲವೂ ಸೇರಿ ಹಾಡುವುದರಿಂದ ಬಾಯಿ ಬಿಡದವನು ಗುಂಪಿನಲ್ಲಿ ಮರೆಯಾಗಿಬಿಡಬಹುದು. ಇಲ್ಲಿ ಹಾಗಿಲ್ಲ, ಹೆಸರು ಕರೆದಾಗ ಒಬ್ಬೊಬ್ಬರೇ ‘ಹಾಜರ್’ ಎನ್ನಬೇಕು. ಮೆಜೆಂಟಾ ಸಾಲಿನಲ್ಲಿ ಎರಡು ಗೀಟುಗಳ ಜಾಗ ಖಾಲಿ ಇತ್ತು. ಚರ್ಮದ ಬಣ್ಣಕ್ಕೆ ಹಳದಿಯೂ ಬೇಕು, ಮೆಜೆಂಟಾವೂ ಬೇಕು. ಮೆಜೆಂಟಾ ಬೀಳದ ಕಡೆ ಹಳದಿ ಎದ್ದು ಕಂಡಿತ್ತು, ಅಷ್ಟೆ. ನನ್ನ ಕಣ್ಣಿಗೆ ಬಿದ್ದದ್ದು ತನ್ನ ಕೆಲಸ ಸರಿಯಾಗಿ ಮಾಡುತ್ತಿದ್ದ ಬಣ್ಣ. ತಪ್ಪಿಸಿಕೊಂಡಿದ್ದ ಬಣ್ಣ ಎಲ್ಲೂ ಕಂಡಿರಲೇ ಇಲ್ಲ.

ಗೆರೆ ಎಂದರೆ ಎಲ್ಲವೂ ಒಂದೇ ಅಲ್ಲ ಎಂದು ಹುಡುಗ ಹೇಳಿದ. ಬಟ್ಟೆ ಸರಿಯಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಸರಿದರೆ ಹೆಡ್ಡಿನ ಒಂದು ಓಟಕ್ಕೂ ಮುಂದಿನ ಓಟಕ್ಕೂ ನಡುವೆ ಬಿಳಿ ಗೆರೆ. ಕಡಿಮೆ ಸರಿದರೆ ಬಣ್ಣದ ಮೇಲೆ ಬಣ್ಣ ಕೂತು ಕಡುಗೆರೆ. ಅದು ಬಟ್ಟೆ ಸರಿಯುವ ಸ್ಟೆಪ್ಪಿನ ದೋಷವಾದ್ದರಿಂದ ಎಲ್ಲ ಬಣ್ಣಕ್ಕೂ ತಟ್ಟುತ್ತದೆ. ಹೆಡ್ ಹೋಗುವಾಗ ಉದುರಿಸಿದ ಹನಿಯೂ ಬರುವಾಗ ಉದುರಿಸಿದ ಹನಿಯೂ ಒಂದೇ ಕಡೆ ಬೀಳದಿದ್ದರೆ ಅಕ್ಷರಗಳು ಎರಡೆರಡಾಗಿ ಕಾಣುತ್ತವೆ. ಇವು ಯಾವುದಕ್ಕೂ ಕ್ಲೀನಿಂಗ್ ಮದ್ದಲ್ಲ, ಇಂಕು ಸುಮ್ಮನೆ ಚರಂಡಿಗೆ. ಕೇಳದೆಯೇ ಮದ್ದು ಹೇಳಿದ್ದ ನಾನು ಬಾಯಿ ಮುಚ್ಚಿಕೊಂಡೆ.

ಎಷ್ಟು ಸೂಕ್ಷ್ಮ ವ್ಯವಹಾರ ಇದು! ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂದು ಫ್ರಾನ್ಸಿನ ಕ್ಯೂರಿ ಸೋದರರು 1880ರಲ್ಲಿ ತೋರಿಸಿದರು. ವಿದ್ಯುತ್ ಕೊಟ್ಟರೆ ಹರಳಿನ ಆಕಾರ ಬದಲಾಗುತ್ತದೆ ಎಂಬುದೂ ಮರುವರ್ಷವೇ ಖಚಿತವಾಯಿತು. ಈ ಹೆಡ್ಡಿನೊಳಗೆ ನಡೆಯುವುದು ಅದೇ ಉಲ್ಟಾ ಆಟ. ಅಂಥ ಗುಣದ ಪಿಂಗಾಣಿಯ ಗೋಡೆ ಕ್ಷಣಮಾತ್ರ ಮಿಡುಕುತ್ತದೆ, ರಂಧ್ರದ ತುದಿಯಿಂದ ಒಂದು ಹನಿ ಚಿಮ್ಮುತ್ತದೆ. ಹನಿಯೊಂದು 14 ಪಿಕೊಲೀಟರ್ ಎಂದು ಹಿಡಿದರೆ ಒಂದು ಮಿಲಿಲೀಟರ್ ಇಂಕಿನಲ್ಲಿ ಏಳು ಕೋಟಿ ಹನಿ. ಅಷ್ಟು ಸಣ್ಣ ದಾರಿಯನ್ನು ಕಟ್ಟಲು ಬಂಡೆ ಬೇಕಿಲ್ಲ. ಅದೇ ಇಂಕು ತುಸು ಒಣಗಿದರೆ ಸಾಕು. ಬೇಗ ಒಣಗುವುದು ಈ ಸಾಲ್ವೆಂಟ್ ಇಂಕಿನ ದೊಡ್ಡ ಗುಣ. ಬಟ್ಟೆಯ ಮೇಲೆ ಅದು ಒಣಗಿದರೆ ಅಪ್ಪನ ಮುಖ, ರಂಧ್ರದ ಬಾಯಲ್ಲೇ ಒಣಗಿದರೆ ಆ ಮುಖದ ಮೇಲೆ ಗೆರೆ.

ಈಗ ಹುಡುಗ ಕ್ಲೀನಿಂಗ್ ಕೊಟ್ಟ. ಮತ್ತೆ ಚೆಕ್ ತೆಗೆದ. ಎರಡರಲ್ಲಿ ಒಂದು ಗೀಟು ಬಂತು. ಎರಡನೆಯ ಸಲ ಕೊಟ್ಟ, ಇನ್ನೊಂದು ಜಗ್ಗಲಿಲ್ಲ. ‘ಮತ್ತೊಂದ್ಸಲ’ ಎಂದು ನಾನು ಅವಸರಿಸಿದೆ. ಅವನು ತಲೆಯಾಡಿಸಿದ. ಮೇಲಿಂದ ಮೇಲೆ ಎಳೆದರೆ ಹೆಡ್ಡಿಗೆ ಗಾಳಿ ಸೇರಿಕೊಂಡು, ಸರಿಯಿದ್ದ ಪಕ್ಕದವೂ ನಿಲ್ಲುತ್ತವಂತೆ. ‘ರಾತ್ರಿ ಬಿಟ್ಬಿಡೋಣ ಸರ್. ಬೆಳಗ್ಗೆ ಬನ್ನಿ.’

ಬಿಟ್ಟಿದ್ದರಿಂದಲೇ ಒಣಗಿದ್ದು, ಇನ್ನೂ ಬಿಟ್ಟರೆ ಸರಿಹೋಗುವುದು ಹೇಗೆ ಎಂದು ಕೇಳಿದೆ. ಅವನು ಹೆಡ್ಡಿನ ಅಡಿಯ ಸ್ಪಂಜಿಗೆ ಸಲ್ಯೂಷನ್ ಸುರಿಯುತ್ತ, ಹೆಡ್ಡನ್ನು ಅದರ ಮೇಲೆ ಮೆತ್ತಗೆ ಕೂರಿಸುತ್ತ ಹೇಳಿದ: ‘ಹಾಗೇ ಬಿಡೋದಲ್ಲ ಸರ್. ಒದ್ದೆ ಮಾಡಿ, ಮುಚ್ಚಿ ಬಿಡೋದು.’

ಮಾತು ಅಲ್ಲಿಗೆ ಮುಗಿಯಿತು. ನನಗೆ ಮುಗಿಯಲಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಯಂತ್ರ ನಿಂತಿದೆ, ಕತ್ತಲಿದೆ, ಯಾರೂ ಮುಟ್ಟುತ್ತಿಲ್ಲ. ಒಂದರಲ್ಲಿ ಗಂಟು ಬಿಗಿಯುತ್ತಿರುತ್ತದೆ, ಇನ್ನೊಂದರಲ್ಲಿ ಕರಗುತ್ತಿರುತ್ತದೆ. ಆಸ್ತಿ ಪಾಲಾದ ದಿನದಿಂದ ತಮ್ಮನಿಗೂ ನನಗೂ ಮಾತಿಲ್ಲ. ಜಗಳವಾಡಿ ಬಿಟ್ಟವರಲ್ಲ, ಸುಮ್ಮನೆ ನಿಂತುಹೋಯಿತು. ಕಾಲವೇ ಎಲ್ಲ ಸರಿಮಾಡುತ್ತದೆ ಎಂದು ಕೇಳಿದವರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಕಾಲ ತಾನಾಗಿ ಏನನ್ನೂ ಮಾಡುವುದಿಲ್ಲ. ಒದ್ದೆಯಲ್ಲಿಟ್ಟದ್ದನ್ನು ಕರಗಿಸುತ್ತದೆ, ಗಾಳಿಗೆ ಬಿಟ್ಟದ್ದನ್ನು ಒಣಗಿಸುತ್ತದೆ. ನಾನು ಯಾವುದರಲ್ಲಿ ಬಿಟ್ಟಿದ್ದೆ?

ಹೊರಡುವಾಗ ಮೂಲೆಯಲ್ಲಿದ್ದ ಇನ್ನೊಂದು ಯಂತ್ರದಿಂದ ಚಿರ್ ಎಂಬ ಸದ್ದು ಬಂತು. ರೋಲ್ ಹಾಕಿರಲಿಲ್ಲ, ಕೆಲಸವೂ ಇರಲಿಲ್ಲ. ಆದರೂ ಆಗಾಗ ಎಲ್ಲ ರಂಧ್ರಗಳಿಂದಲೂ ಒಂದಿಷ್ಟು ಹನಿಗಳನ್ನು ಕೆಳಗಿನ ತಟ್ಟೆಗೆ ಉಗುಳಿ ಸುಮ್ಮನಾಗುತ್ತಿತ್ತು. ‘ಅದು ಫ್ಲ್ಯಾಷ್ ಸರ್. ದಾರಿ ತೆರೆದಿರ್ಲಿ ಅಂತ’ ಎಂದ ಹುಡುಗ. ಆ ಇಂಕು ಎಲ್ಲಿಗೆ ಹೋಗುತ್ತದೆ? ‘ವೇಸ್ಟೇ.’

ಅಪ್ಪ ದಿನಾ ರಾತ್ರಿ ಇಬ್ಬರಿಗೂ ಫೋನ್ ಮಾಡುತ್ತಿದ್ದರು. ‘ಊಟ ಆಯ್ತಾ? ಏನ್ ಸಾರು? ಮಳೆ ಬಂತಾ?’ ಇಷ್ಟೇ. ಆಮೇಲೆ ಇಟ್ಟುಬಿಡುತ್ತಿದ್ದರು. ನನಗೆ ಆಗ ಕಿರಿಕಿರಿ. ವಿಷಯವಿಲ್ಲದ ಮೇಲೆ ಯಾಕೆ ಮಾಡಬೇಕು ಎಂದು ಒಮ್ಮೆ ಕೇಳಿಯೂ ಇದ್ದೆ. ಸಾರು ಯಾವುದೆಂದು ತಿಳಿದು ಅವರಿಗೆ ಆಗಬೇಕಾದ್ದು ಏನೂ ಇರಲಿಲ್ಲ. ಆ ಮಾತುಗಳು ಯಾವ ಚಿತ್ರವನ್ನೂ ಬರೆಯುತ್ತಿರಲಿಲ್ಲ, ತಟ್ಟೆಗೆ ಬಿದ್ದು ಹೋಗುತ್ತಿದ್ದವು. ದೊಡ್ಡ ಮಾತು ಬಂದ ದಿನ ಅದಕ್ಕೊಂದು ದಾರಿ ಇರುತ್ತಿತ್ತು. ಅವರು ಹೋದ ಮೇಲೆ ನಮ್ಮಿಬ್ಬರ ನಡುವೆ ಸಾರಿನ ಸುದ್ದಿಯೂ ಇಲ್ಲ. ಮುಖ್ಯವಾದದ್ದೇನಾದರೂ ಇದ್ದಾಗ ಮಾತಾಡೋಣ ಎಂದು ಇಬ್ಬರೂ ಕಾದು ಕೂತಿದ್ದೇವೆ.

ಬೆಳಗ್ಗೆ ಹೋದಾಗ ಹುಡುಗ ನಾಝಲ್ ಚೆಕ್ಕನ್ನು ಮುಂದೆ ಹಿಡಿದ. ಮೆಜೆಂಟಾ ಸಾಲು ಪೂರ್ತಿಯಾಗಿತ್ತು. ಬ್ಯಾನರ್ ಇಳಿಯತೊಡಗಿತು. ನರೆಗೂದಲು, ಹಣೆ, ಹುಬ್ಬು, ಎಲ್ಲಿಯೂ ಗೆರೆಯಿಲ್ಲ. ಕೊನೆಗೆ ‘ದುಃಖತಪ್ತರು’ ಎಂಬುದರ ಕೆಳಗೆ ನಮ್ಮಿಬ್ಬರ ಹೆಸರು ಅಕ್ಕಪಕ್ಕದಲ್ಲಿ ಬಂತು. ಇನ್ನೂ ಹಸಿಯಿದೆ, ಈಗಲೇ ಮಡಚಬೇಡಿ ಎಂದ.

ಅದು ಆರುವವರೆಗೆ ಅಂಗಡಿಯ ಮೆಟ್ಟಿಲ ಮೇಲೆ ಕೂತು ಫೋನ್ ತೆಗೆದೆ. ನಾಲ್ಕು ಸಲ ರಿಂಗಾಯಿತು. ‘ಹೇಳಣ್ಣ, ಏನಾಯ್ತು?’ ಎಂದ ತಮ್ಮ, ಗಾಬರಿಯಲ್ಲಿ. ಹೇಳಲು ನನ್ನ ಬಳಿ ಏನೂ ಇರಲಿಲ್ಲ.

‘ಏನಿಲ್ಲ ಕಣೋ. ತಿಂಡಿ ಆಯ್ತಾ?’ ಎಂದೆ.