ಉಪ್ಪಿಟ್ಟವರು ಯಾರು?

ಯುಗಾದಿಗೆ ಮಗಳು ಒಂದು ಡೈರಿ ತಂದುಕೊಟ್ಟಳು. ರಟ್ಟಿನ ಮೇಲೆ ಬಂಗಾರದ ಬಣ್ಣದಲ್ಲಿ ‘ಗ್ರಾಟಿಟ್ಯೂಡ್’ ಎಂದಿತ್ತು. ಮಲಗುವ ಮುಂಚೆ ಆ ದಿನ ಸಿಕ್ಕ ಐದು ಭಾಗ್ಯಗಳನ್ನು ಬರೆಯಬೇಕಂತೆ. ‘ಬರೀರಿ ಅಪ್ಪ, ನಿಮ್ಮ ಬಿಪಿಗೂ ಒಳ್ಳೇದು’ ಅಂದಳು. ನನಗೆ ರೇಗಿದ್ದು ಆ ಬಿಪಿಯ ಮಾತಿಗೆ. ಉಪಕಾರ ಸ್ಮರಣೆ ಎಂಬುದು ಊಟವಾದ ಮೇಲೆ ನುಂಗುವ ಮಾತ್ರೆಯೇ?

ಸುಭಾಷಿತಗಳನ್ನು ಇಲ್ಲಿ ತರುವುದಿಲ್ಲ. ಅವು ಶಾಲೆಯ ಗೋಡೆಯ ಮೇಲೆ ಚೆನ್ನಾಗಿವೆ. ರೋಮಿನ ಸೆನೆಕ ಉಪಕಾರದ ಬಗ್ಗೆ ಏಳು ಸಂಪುಟ ಬರೆದ, ಅವನಿಗೊಂದು ನಮಸ್ಕಾರ. ನನ್ನ ಜಗಳ ಡೈರಿಯ ಜೊತೆ. ಅದರ ಬೆನ್ನಿಗೆ ವಿಜ್ಞಾನವಿದೆ. 2003ರಲ್ಲಿ ರಾಬರ್ಟ್ ಎಮ್ಮನ್ಸ್, ಮೈಕೆಲ್ ಮೆಕಲಫ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳ ಒಂದು ಗುಂಪಿಗೆ ವಾರಕ್ಕೊಮ್ಮೆಯಂತೆ 10 ವಾರ, ಕೃತಜ್ಞತೆ ಹುಟ್ಟಿಸುವ ಐದರವರೆಗಿನ ಸಂಗತಿಗಳನ್ನು ಬರೆಯಲು ಹೇಳಿದರು. ಇನ್ನೊಂದು ಗುಂಪು ಕಿರಿಕಿರಿಗಳನ್ನು ಬರೆಯಿತು. ಮೊದಲನೆಯವರು ಬದುಕಿನ ಬಗ್ಗೆ ಹೆಚ್ಚು ಸಮಾಧಾನದಿಂದಿದ್ದರು, ವ್ಯಾಯಾಮವನ್ನೂ ಹೆಚ್ಚು ಮಾಡಿದರು. ಇರಲಿ, ಒಪ್ಪಿದೆ. ಆದರೆ ಹಾಗೆ ಹೆಚ್ಚಿದ್ದು ಕೃತಜ್ಞತೆಯೋ ಬರೀ ನೆಮ್ಮದಿಯೋ? ಅಳೆದದ್ದು ಪಡೆದವನ ಮನಸ್ಸನ್ನು. ಕೊಟ್ಟವನು ಆ ಹಾಳೆಯಲ್ಲಿ ಇರಲೇಬೇಕೆಂಬ ಷರತ್ತಿರಲಿಲ್ಲ.

ಭಾಷೆ ಇಲ್ಲಿ ನನ್ನ ಕಡೆಗಿದೆ. ಕೃತಜ್ಞ ಎಂದರೆ ಮಾಡಿದ್ದನ್ನು ಅರಿತವನು. ಅಲ್ಲಿರುವುದು ಅರಿವು, ಎದೆ ಬೆಚ್ಚಗಾಗುವ ಮಾತೇ ಇಲ್ಲ. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎಂಬ ಗಾದೆಯಿದೆಯಲ್ಲ, ಅದು ಉಪ್ಪನ್ನು ನೆನೆ ಎನ್ನುವುದಿಲ್ಲ. ಇಟ್ಟವರನ್ನು ನೆನೆ ಎನ್ನುತ್ತದೆ. (ಬಾಯಿಮಾತಿನ ಥ್ಯಾಂಕ್ಸಿಗೆ ನಮ್ಮ ಮನೆಗಳಲ್ಲಿ ಜಾಗವೇ ಇಲ್ಲ. ಒಮ್ಮೆ ಕಾಫಿ ತಂದ ಹೆಂಡತಿಗೆ ಹೇಳಿ ನೋಡಿದೆ. ‘ಯಾಕ್ರೀ, ಮೈ ಹುಷಾರಿಲ್ವಾ?’ ಅಂದಳು.)

ಆದರೂ ಮಗಳ ಮನಸ್ಸಿಗೆ ನೋವಾಗಬಾರದೆಂದು ಮೊದಲ ದಿನ ಬರೆದೆ: ‘1. ನೀರು ಬಂತು.’ ಅಲ್ಲಿಗೇ ಪೆನ್ನು ನಿಂತಿತು. ಬಂತು ಎಂದರೆ, ತಾನಾಗಿ ಬಂತೇ? ಬೆಂಗಳೂರಿನ ಕಾವೇರಿ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಹಾದು, ಪಂಪುಗಳ ಬಲದಿಂದ ಹತ್ತಿರಹತ್ತಿರ 500 ಮೀಟರ್ ಮೇಲಕ್ಕೆ ಹತ್ತಿ ಬರುತ್ತದೆ. ಕೊನೆಗೆ ನಮ್ಮ ಬೀದಿಯ ತುದಿಯಲ್ಲಿ ಬೆಳಗಿನ ನಾಲ್ಕೂವರೆಗೆ ಒಬ್ಬ ವಾಲ್ವ್‌ಮನ್ ಉದ್ದನೆಯ ಕಬ್ಬಿಣದ ಕೀಲಿ ಇಳಿಸಿ ತಿರುಗಿಸುತ್ತಾನೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗೆ ಕಾದು ಕೂತವನು ನಾನು. ಆದರೂ ಇಪ್ಪತ್ತು ವರ್ಷ ಈ ಮನೆಯಲ್ಲಿದ್ದು ಆತನ ಮುಖ ನೋಡಿರಲಿಲ್ಲ. ಹಳ್ಳಿಯಲ್ಲಿ ಕೆರೆಯ ತೂಬು ಎತ್ತುತ್ತಿದ್ದ ನೀರುಗಂಟಿ ಯಾರ ಮಗ, ಅವನ ಪಾಲಿನ ಕಾಳು ಎಷ್ಟು ಎಂಬುದು ಗದ್ದೆಯವರಿಗೆಲ್ಲ ಗೊತ್ತಿರುತ್ತಿತ್ತು. ನನ್ನ ಡೈರಿಗೆ ನೀರಷ್ಟೇ ಗೊತ್ತು.

2020ರ ಮಾರ್ಚ್ 22ರ ಸಂಜೆ ಐದಕ್ಕೆ, ಕೊರೊನಾ ನಡುವೆಯೂ ದುಡಿಯುತ್ತಿದ್ದವರಿಗೆ ಕೃತಜ್ಞತೆ ಹೇಳಲೆಂದು ನಾವೆಲ್ಲ ತಟ್ಟೆ ಬಡಿದೆವು. ನಾನೂ ಸ್ಟೀಲ್ ತಟ್ಟೆ ಹಿಡಿದು ನಿಂತಿದ್ದೆ, ಕಣ್ಣು ತುಂಬಿತ್ತು, ಸುಳ್ಳಲ್ಲ. 2022ರ ಜುಲೈನಲ್ಲಿ ಪೌರಕಾರ್ಮಿಕರು ಕೆಲಸ ಕಾಯಂ ಮಾಡಿ ಎಂದು ಮುಷ್ಕರ ಹೂಡಿದಾಗ ಬೀದಿಯಲ್ಲಿ ಕಸ ನಾರುತ್ತಿದೆ ಎಂದು ಗೊಣಗಿದ್ದೂ ನಾನೇ.

ಇಲ್ಲಿಗೆ ಮುಗಿಸಿದ್ದರೆ ಗೆಲುವು ನನ್ನದಿತ್ತು. ಆದರೆ ಎಮ್ಮನ್ಸರಿಗೆ ಅನ್ಯಾಯವಾಗುತ್ತದೆ. ಒಳಿತಿನ ಮೂಲ ನಮ್ಮ ಹೊರಗಿದೆ ಎಂದು ಒಪ್ಪುವುದೂ ಕೃತಜ್ಞತೆಯ ಭಾಗ ಎಂದು ಅವರೇ ಹೇಳುತ್ತಾರೆ. ಅಲ್ಲದೆ ವಾಲ್ವ್‌ಮನ್ನಿನ ಯೋಚನೆ ನನಗೆ ಬಂದದ್ದು ಆ ಹಾಳು ಡೈರಿ ಬಿಚ್ಚಿದ ಮೇಲೆಯೇ.

ಇದಕ್ಕಿಂತ ದೊಡ್ಡ ತೊಡಕು ನನ್ನ ಅಪ್ಪ. ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ನಾನು ಚಿಕ್ಕವನಿದ್ದಾಗ ನನ್ನ ಟೈಫಾಯ್ಡಿಗೆ ಸಾಹುಕಾರರು ದುಡ್ಡು ಕೊಟ್ಟಿದ್ದರು. ಕೊಟ್ಟವರ ಹೆಸರು, ಮುಖ, ಮೊತ್ತ, ತಾರೀಖು ಎಲ್ಲವೂ ಗೊತ್ತಿದ್ದ ಕೃತಜ್ಞತೆ ಅದು. ನಾನು ಬಯಸುವಂಥದ್ದೇ. ಮುಂದೆ ಅಪ್ಪ ಸಂಬಳ ಹೆಚ್ಚಿಸಿ ಎಂದು ಒಮ್ಮೆಯೂ ಕೇಳಲಿಲ್ಲ. ಅಮ್ಮ ಕೆದಕಿದರೆ ‘ಉಂಡ ಮನೆ ಕಣೇ’ ಅನ್ನುತ್ತಿದ್ದರು. ಋಣ ಎಂಬ ಒಂದೇ ಪದ ನಮ್ಮಲ್ಲಿ ಸಾಲಕ್ಕೂ ಆಗುತ್ತದೆ, ಉಪಕಾರಕ್ಕೂ ಆಗುತ್ತದೆ. ಇಷ್ಟು ಹೊತ್ತು ಭಾಷೆ ನನ್ನ ಕಡೆಗಿದೆ ಎಂದೆನಲ್ಲ, ಅದು ಸಾಹುಕಾರರ ಕಡೆಗೂ ಇತ್ತು. ಯಾರ ಹೆಸರೂ ಇಲ್ಲದ ಡೈರಿಯ ಕೃತಜ್ಞತೆ ಕೊನೇಪಕ್ಷ ಯಾರ ಬೆನ್ನನ್ನೂ ಬಗ್ಗಿಸುವುದಿಲ್ಲ.

ಹಾಗಾದರೆ ಕೊಟ್ಟವನನ್ನು ಅರಿಯಬೇಕು, ಅವನಿಗೆ ಬಾಗಬಾರದು. ಹೇಳಲು ಸುಲಭ. ದೀಪಾವಳಿಯ ಹಿಂದಿನ ಬೆಳಗ್ಗೆ ಅಲಾರಂ ಇಟ್ಟು ಎದ್ದು ಬೀದಿಯ ತುದಿಗೆ ಹೋದೆ. ಸ್ವೆಟರ್ ಹಾಕಿದ್ದ ನಡುವಯಸ್ಸಿನ ಮನುಷ್ಯ. ಗುತ್ತಿಗೆಯ ಕೆಲಸವಂತೆ, ಸಂಬಳ ಕೇಳಿ ನನಗೇ ನಾಚಿಕೆಯಾಯಿತು. ಐನೂರು ರೂಪಾಯಿ ಕೊಟ್ಟೆ. ಕೈಯಲ್ಲಿ ನೋಟು ಹಿಡಿದಾಗಲೇ ಅನುಮಾನ ಬಂತು: ಇದು ಸ್ಮರಣೆಯೋ, ಅವನಿಗೆ ನ್ಯಾಯವಾಗಿ ಸಿಗಬೇಕಾದ ಕೂಲಿಯ ಬದಲಿಗೆ ನಾನು ಎಸೆಯುತ್ತಿರುವ ಚಿಲ್ಲರೆಯೋ? ಆತ ಮಾತ್ರ ಕೀಲಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡೂ ಕೈ ಚಾಚಿ ತೆಗೆದುಕೊಂಡ. ‘ಯಾವ ಮನೆ ಸಾರ್ ನಿಮ್ದು?’ ಎಂದು ಕೇಳಿದ. ಹೇಳಿದೆ.

ಮುಂದಿನ ಸರದಿಯಲ್ಲಿ ನಮ್ಮ ಬೀದಿಗೆ ಕಾಲು ಗಂಟೆ ಹೆಚ್ಚು ನೀರು ಬಂತು. ಸಂಪು ತುಂಬಿ ಅಂಗಳಕ್ಕೆ ಹರಿಯಿತು. ‘ನೋಡಿ, ಎಷ್ಟು ಒಳ್ಳೇ ಮನುಷ್ಯ’ ಅಂದಳು ಹೆಂಡತಿ. ಒಳ್ಳೆಯ ಮನುಷ್ಯನೇ. ಆದರೆ ನಮ್ಮದಾದ ಮೇಲಿನ ಸರದಿ ಕೆಳಗಿನ ಬೀದಿಯದು. ಅಲ್ಲಿ ಮೂಲೆಯ ಮನೆಯ ಹೆಂಗಸು ಅಂದು ಒಂಬತ್ತು ಗಂಟೆಗೆ ಎರಡು ಕೊಡ ಹಿಡಿದು ನಮ್ಮ ಗೇಟಿನ ಮುಂದೆ ನಿಂತಿದ್ದಳು. ತುಂಬಿಸಿಕೊಟ್ಟೆ. ‘ನಿಮ್ಮಿಂದ ತುಂಬಾ ಉಪಕಾರ ಆಯ್ತು’ ಅಂದಳು.