ಪೂಜೆ ಮುಗಿಯಿತು, ಬಲಿ?



ಭಾನುವಾರದ ಬಲಿಪೂಜೆಯಲ್ಲಿ ಕೊನೆಯ ಆಶೀರ್ವಾದವಾದ ಕೂಡಲೇ ನಮ್ಮ ದೇವಾಲಯಗಳಲ್ಲಿ ಏನಾಗುತ್ತದೆಂದು ನೀವು ಬಲ್ಲಿರಿ. ಅಂತಿಮ ಗೀತೆಯ ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಅರ್ಧ ದೇವಾಲಯ ಖಾಲಿ. ಹೊರಗೆ ಮಕ್ಕಳನ್ನು ಕೂಗುವವರು, ಸ್ಕೂಟರ್ ಚಾಲೂ ಮಾಡುವವರು, ಮಾಂಸದಂಗಡಿಯ ಕಡೆಗೆ ಬಿರಬಿರನೆ ಹೆಜ್ಜೆ ಹಾಕುವವರು. ದಾರಿಯಲ್ಲಿ ಸಿಕ್ಕವರು "ಪೂಜೆ ಆಯ್ತಾ?" ಎಂದು ಕೇಳಿದರೆ "ಆಯ್ತು" ಎಂದು ನಿರಾಳವಾಗಿ ಹೇಳುತ್ತೇವೆ. ವಾರದ ಬಾಕಿ ತೀರಿಸಿದವರ ನೆಮ್ಮದಿ ಆ ಒಂದು ಮಾತಿನಲ್ಲಿರುತ್ತದೆ.

ನಿಮ್ಮನ್ನು ದೂರಲು ಇದನ್ನು ಬರೆಯುತ್ತಿಲ್ಲ. ಪೂಜಾವಸ್ತ್ರ ಕಳಚಿಟ್ಟು ಹತ್ತು ನಿಮಿಷವಾಗಿರಲಿಲ್ಲ, ಕಾಫಿ ತಣ್ಣಗಾಗಿದೆಯೆಂದು ಗುರುನಿವಾಸದ ಅಡುಗೆಯವರ ಮೇಲೆ ರೇಗಿದವನು ನಾನು. ಕ್ರಿಸ್ತನ ಶಾಂತಿಯನ್ನು ಇಡೀ ಸಭೆಗೆ ಕೋರಿದ ಬಾಯಿ ಅದೇ! ಆದ್ದರಿಂದ ಈ ಪ್ರಶ್ನೆ ನಿಮಗೆಷ್ಟೋ ನನಗೂ ಅಷ್ಟೇ: ಪೂಜೆ ನಿಜವಾಗಿಯೂ ಮುಗಿಯಿತೇ?

ಪರಮಪ್ರಸಾದದ ಆಚರಣೆಗೆ ಕನ್ನಡ ಕಥೋಲಿಕರಾದ ನಾವು ಇಟ್ಟುಕೊಂಡಿರುವ ಹೆಸರು ಬಲು ಅರ್ಥಪೂರ್ಣವಾದುದು. 'ಬಲಿಪೂಜೆ' ಎನ್ನುವಲ್ಲಿ ಎರಡು ಮಾತುಗಳಿವೆ. ಆಡುಮಾತಿನಲ್ಲಿ ನಾವು ಮೊದಲನೆಯದನ್ನು ಬಿಟ್ಟು 'ಪೂಜೆ' ಎಂದಷ್ಟೇ ಹೇಳುತ್ತೇವೆ. ಮಾತಿನಲ್ಲಿ ಬಿಟ್ಟರೆ ದೋಷವೇನೂ ಇಲ್ಲ. ಬಾಳಿನಲ್ಲಿ ಬಿಟ್ಟುಬಿಟ್ಟರೆ? ಪೂಜೆಗೆ ಒಂದು ಹೊತ್ತಿದೆ, ಒಂದು ಸ್ಥಳವಿದೆ, ಹಾಡಿದೆ, ದೀಪವಿದೆ. ಬಲಿಗೆ ಹೊತ್ತಿಲ್ಲ, ಗೊತ್ತಿಲ್ಲ. ಅದು ನಮ್ಮಲ್ಲಿರುವ ಏನನ್ನಾದರೂ ಕೇಳಿಯೇ ಕೇಳುತ್ತದೆ.

ಇದನ್ನು ನನಗೆ ಕಲಿಸಿದ್ದು ಗುರುಮಠದ ದೈವಶಾಸ್ತ್ರದ ತರಗತಿಯಲ್ಲ, ಒಂದು ಚಿಕ್ಕ ಮನೆ. ಕೆಲವು ವರ್ಷಗಳ ಹಿಂದೆ ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ ನಡೆದದ್ದನ್ನು, ಆ ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಹೇಳುತ್ತೇನೆ.

ತಿಂಗಳ ಮೊದಲ ಶುಕ್ರವಾರ ರೋಗಿಗಳಿಗೆ ಪರಮಪ್ರಸಾದ ಕೊಂಡೊಯ್ಯುವುದು ಅಲ್ಲಿಯ ವಾಡಿಕೆ. ಆ ಬೀದಿಗೆ ಸಾಮಾನ್ಯವಾಗಿ ಹೋಗುತ್ತಿದ್ದ ಕನ್ಯಾಸ್ತ್ರೀ ಅಂದು ಊರಲ್ಲಿರಲಿಲ್ಲವಾದ್ದರಿಂದ ನಾನೇ ಹೋದೆ. ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದ ವೃದ್ಧೆ, ಅವರನ್ನು ನೋಡಿಕೊಳ್ಳುತ್ತಿದ್ದ ಕಿರಿಯ ಸೊಸೆ. ನಾನು ಬಾಗಿಲಿಗೆ ಬಂದದ್ದನ್ನು ಕಂಡು ಸೊಸೆ ಒಳಗಿನಿಂದಲೇ, "ಸ್ವಾಮಿ, ಒಂದೈದು ನಿಮಿಷ ಅಲ್ಲೇ ನಿಂತ್ಕೊಳ್ಳಿ, ಅತ್ತೆ ಬಟ್ಟೆ ಬದಲಾಯಿಸ್ತಿದೀನಿ" ಎಂದರು. ಪರಮಪ್ರಸಾದವನ್ನು ಎದೆಗವಚಿಕೊಂಡು ಜಗಲಿಯ ಮೇಲೆ ನಿಂತೆ. ಒಳಗೆ ನೀರಿನ ಸದ್ದು, ಬಕೆಟ್ಟಿನ ಸದ್ದು, "ಸ್ವಲ್ಪ ಈ ಕಡೆ ತಿರುಗವ್ವಾ" ಎಂಬ ಮಾತು.

ವೃದ್ಧೆಗೆ ಪರಮಪ್ರಸಾದ ಕೊಟ್ಟ ಮೇಲೆ, "ನೀನೂ ಸ್ವೀಕರಿಸುತ್ತೀಯಾ ತಾಯಿ?" ಎಂದೆ. ಆಕೆ ಹಿಂದೆ ಸರಿದರು. "ಬೇಡ ಸ್ವಾಮಿ. ಪೂಜೆಗೆ ಬಂದು ಎಂಟು ತಿಂಗಳಾಯ್ತು. ನಾನು ಯೋಗ್ಯಳಲ್ಲ."

ರೋಗಿಯನ್ನು ಬಿಟ್ಟು ಬರಲಾಗದವರನ್ನು ಭಾನುವಾರದ ಕಟ್ಟಳೆ ದೋಷಿಯಾಗಿಸುವುದಿಲ್ಲ ಎಂದು ಬಿಡಿಸಿ ಹೇಳಿದೆ. ಅಳುತ್ತಲೇ ಸ್ವೀಕರಿಸಿದರು. ಆಮೇಲೆ ಕೇಳಿದೆ, "ಇವರಿಗೆ ಬೇರೆ ಮಕ್ಕಳಿಲ್ಲವೇ?" ಆಕೆ ಹೇಳಿದ ಹೆಸರುಗಳನ್ನು ಕೇಳಿ ನಾಚಿಕೆಯಾಯಿತು. ಹಿರಿಯ ಮಗ ಪ್ರತಿ ಭಾನುವಾರ ಮೊದಲ ವಾಚನ ಓದುವವರು. ಎರಡನೆಯವರು ಧರ್ಮಕೇಂದ್ರದ ಪಾಲನಾ ಸಮಿತಿಯಲ್ಲಿದ್ದವರು. ಆ ವರ್ಷದ ಹಬ್ಬದಲ್ಲಿ ಹಿರಿಯರ ಸೇವೆಯನ್ನು ಕೊಂಡಾಡಿ ಶಾಲು ಹೊದಿಸಿದವನು ನಾನೇ. ಅವರ ಮನೆ ಅಲ್ಲಿಂದ ಎರಡೇ ಬೀದಿ ಆಚೆ.

"ಔಷಧಿಗೆ ದುಡ್ಡು ಕೊಡ್ತಾರೆ ಸ್ವಾಮಿ, ಹಾಗೆ ಹೇಳಬಾರದು" ಎಂದು ಸೊಸೆಯೇ ಅವರ ಪರ ವಹಿಸಿದರು. "ಬಂದು ಹೋಗೋಕೆ ಪುರುಸೊತ್ತಿರಲ್ಲ. ಚರ್ಚಿನ ಕೆಲಸ ಇರುತ್ತಲ್ಲಾ." ಆ ಮಾತಿನಲ್ಲಿ ಕುಹಕವಿರಲಿಲ್ಲ. ಅದಕ್ಕೇ ಅದು ನನ್ನನ್ನು ಇನ್ನೂ ಚುಚ್ಚುತ್ತದೆ.

ಪ್ರಿಯರೇ, ಮಾರ್ಕನ ಶುಭಸಂದೇಶದ ಏಳನೆಯ ಅಧ್ಯಾಯವನ್ನು ಇಂದು ಮನೆಯಲ್ಲಿ ತೆರೆದು ಓದಿ. ಅಲ್ಲಿ ಯೇಸುಸ್ವಾಮಿ ಫರಿಸಾಯರ ಹಾಗೂ ಧರ್ಮಶಾಸ್ತ್ರಿಗಳ ಒಂದು ಪದ್ಧತಿಯನ್ನು ಬಯಲಿಗೆಳೆಯುತ್ತಾರೆ. 'ಕೊರ್ಬಾನ್' ಎಂದರೆ ದೇವರಿಗೆ ಅರ್ಪಿತವಾದುದು. ತಂದೆತಾಯಿಗೆ ಸಲ್ಲಬೇಕಾದುದನ್ನು ಮಗನೊಬ್ಬ 'ಇದು ಕೊರ್ಬಾನ್' ಎಂದು ಹೇಳಿಬಿಟ್ಟರೆ, ಅವರಿಗೆ ನೆರವಾಗುವ ಹೊಣೆಯಿಂದ ಅವನು ಪಾರಾಗಬಹುದಿತ್ತು. ಹೀಗೆ ಸಂಪ್ರದಾಯದ ಹೆಸರಿನಲ್ಲಿ ದೇವರ ಆಜ್ಞೆಯನ್ನೇ ಬರಿದು ಮಾಡುತ್ತಿದ್ದೀರಿ ಎಂದು ಸ್ವಾಮಿ ಗದರಿದರು. ನಮ್ಮ ನೆರೆಯ ಕೇರಳದ ಸಿರಿಯನ್ ಸಂಪ್ರದಾಯದ ಕ್ರೈಸ್ತರು ಬಲಿಪೂಜೆಯನ್ನು ಕರೆಯುವುದು 'ಕುರ್ಬಾನ' ಎಂದು. ಎರಡೂ ಒಂದೇ ಮೂಲದ ಪದಗಳು. ದೇವರಿಗೆ ಸಲ್ಲಿಸುವ ಪರಮೋನ್ನತ ಅರ್ಪಣೆಗೆ ಯಾವ ಪದವೋ, ಹೆತ್ತವರಿಂದ ನುಣುಚಿಕೊಳ್ಳುವ ನೆಪಕ್ಕೂ ಅದೇ ಪದ ಬಳಕೆಯಾಯಿತು! ಎಚ್ಚರ ತಪ್ಪಿದರೆ ನಮ್ಮ ಆರಾಧನೆಯೂ ಹೀಗೆಯೇ ನೆಪವಾಗಿಬಿಡಬಹುದು.

ಹಾಗಾದರೆ ಬಲಿ ಎಂದರೇನು? ಬಲಿಪೀಠದ ಮೇಲಿನ ಬಲಿ ಕ್ರಿಸ್ತನದು. ಶಿಲುಬೆಯ ಮೇಲೆ ಒಂದೇ ಸಲ, ಎಲ್ಲರಿಗಾಗಿ, ಸಂಪೂರ್ಣವಾಗಿ ಸಲ್ಲಿಸಿದ ಆ ಬಲಿಗೆ ನಾವು ಸೇರಿಸಬೇಕಾದ ಕೊರತೆ ಏನೂ ಇಲ್ಲ. ಆದರೂ ಧರ್ಮಸಭೆ ನಮಗೆ ಅಲ್ಲಿ ಒಂದು ಜಾಗ ಮಾಡಿಕೊಟ್ಟಿದೆ. ಕಾಣಿಕೆಯ ಹೊತ್ತಿನಲ್ಲಿ ಗುರುಗಳು ದ್ರಾಕ್ಷಾರಸಕ್ಕೆ ತುಸು ನೀರು ಬೆರೆಸುವುದನ್ನು ಗಮನಿಸಿದ್ದೀರಾ? ಬಹುಮಂದಿ ಗಮನಿಸುವುದಿಲ್ಲ, ಆಗ ನಾವು ಜೇಬಿನಲ್ಲಿ ಚಿಲ್ಲರೆ ಹುಡುಕುತ್ತಿರುತ್ತೇವೆ. ಉತ್ತರ ಆಫ್ರಿಕದ ಕಾರ್ಥೇಜಿನ ಧರ್ಮಾಧ್ಯಕ್ಷರಾಗಿದ್ದು 258ರಲ್ಲಿ ರಕ್ತಸಾಕ್ಷಿಯಾದ ಸಂತ ಸಿಪ್ರಿಯಾನರು ತಮ್ಮ ಪತ್ರವೊಂದರಲ್ಲಿ ಇದರ ಅರ್ಥವನ್ನು ವಿವರಿಸಿದ್ದಾರೆ. ದ್ರಾಕ್ಷಾರಸ ಕ್ರಿಸ್ತನ ರಕ್ತವನ್ನು ಸೂಚಿಸುತ್ತದೆ, ನೀರು ಜನರನ್ನು ಸೂಚಿಸುತ್ತದೆ. ಒಮ್ಮೆ ಬೆರೆತ ಮೇಲೆ ಎರಡನ್ನೂ ಬೇರ್ಪಡಿಸಲಾಗದು. ಆ ಹನಿ ನೀರು ನೀವು. ನಿಮ್ಮ ವಾರ, ನಿಮ್ಮ ದುಡಿಮೆ, ನಿಮ್ಮ ಮನೆಯ ಕಣ್ಣೀರು.

ಸಂತ ಪೌಲರು ರೋಮನರಿಗೆ ಬರೆದ ಪತ್ರದ ಹನ್ನೆರಡನೆಯ ಅಧ್ಯಾಯದ ಆರಂಭದಲ್ಲಿ ನಮ್ಮ ದೇಹಗಳನ್ನೇ ಸಜೀವ ಬಲಿಯಾಗಿ ಅರ್ಪಿಸಲು ಕರೆ ಕೊಡುತ್ತಾರೆ. ಬರೀ ಮನಸ್ಸನ್ನಲ್ಲ, ದೇಹವನ್ನು ಎಂಬುದನ್ನು ಗಮನಿಸಿ. ರಾತ್ರಿ ಎರಡು ಗಂಟೆಗೆ ಎದ್ದು ರೋಗಿಯ ಮಗ್ಗುಲು ಬದಲಾಯಿಸುವ ಕೈ, ಬಸ್ಸಿನಲ್ಲಿ ನಿಂತೇ ಕೆಲಸಕ್ಕೆ ಹೋಗಿ ಬರುವ ಕಾಲು, ಮಗುವಿನ ಲೆಕ್ಕವನ್ನು ನಾಲ್ಕನೆಯ ಸಲ ಹೇಳಿಕೊಡುವ ನಾಲಿಗೆ. 1964ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಧರ್ಮಸಭೆಯ ಬಗ್ಗೆ ಹೊರಡಿಸಿದ 'ಲೂಮೆನ್ ಜೆನ್ಸಿಯುಮ್' ಎಂಬ ಪ್ರಮಾಣಪತ್ರದ 34ನೆಯ ಪರಿಚ್ಛೇದ ಇದನ್ನೇ ಬೋಧಿಸುತ್ತದೆ. ಶ್ರೀಸಾಮಾನ್ಯ ವಿಶ್ವಾಸಿಗಳ ದುಡಿಮೆ, ಪ್ರಾರ್ಥನೆ, ದಾಂಪತ್ಯ, ಸಂಸಾರ, ವಿಶ್ರಾಂತಿ, ತಾಳ್ಮೆಯಿಂದ ಸಹಿಸಿದ ಕಷ್ಟ, ಇವೆಲ್ಲವೂ ಪವಿತ್ರಾತ್ಮರಲ್ಲಿ ನಡೆದರೆ ಆಧ್ಯಾತ್ಮಿಕ ಬಲಿಗಳಾಗುತ್ತವೆ. ಪರಮಪ್ರಸಾದದ ಆಚರಣೆಯಲ್ಲಿ ಪ್ರಭುವಿನ ದೇಹದೊಂದಿಗೆ ಪಿತನಿಗೆ ಅರ್ಪಿತವಾಗುತ್ತವೆ.

"ಹಾಗಾದರೆ ಮನೆಯಲ್ಲೇ ಸೇವೆ ಮಾಡಿಕೊಂಡಿದ್ದರೆ ಸಾಕಲ್ಲ, ಚರ್ಚಿಗೇಕೆ ಬರಬೇಕು?" ಎಂದು ಯಾರಾದರೂ ಕೇಳಬಹುದು. ಆ ಸೊಸೆಯನ್ನೇ ಕೇಳಿ. "ಕೆಲವು ದಿನ ತಡೆಯೋಕಾಗಲ್ಲ ಸ್ವಾಮಿ, ಅತ್ತೆ ಮೇಲೆ ಕೂಗಾಡಿಬಿಡ್ತೀನಿ. ಆಮೇಲೆ ಅಳ್ತೀನಿ" ಎಂದು ಆಕೆ ಹೇಳಿದ್ದರು. ನಮ್ಮ ಪ್ರೀತಿ ತನ್ನಷ್ಟಕ್ಕೇ ಬತ್ತುತ್ತದೆ. ಊಟೆಯಿಲ್ಲದ ಕೆರೆಗೆ ಬೇಸಿಗೆ ದಾಟಲಾಗದು. ಅದಕ್ಕೇ ಇದೇ ಮಹಾಸಭೆ 1963ರ ಡಿಸೆಂಬರ್ 4ರಂದು ಪ್ರಕಟಿಸಿದ ಪೂಜಾವಿಧಿಯ ಪ್ರಮಾಣಪತ್ರದಲ್ಲಿ, ಧರ್ಮಸಭೆಯ ಕಾರ್ಯವೆಲ್ಲ ತಲುಪಬೇಕಾದ ಶಿಖರವೂ ಅದರ ಬಲವೆಲ್ಲ ಹೊರಡುವ ಚಿಲುಮೆಯೂ ಪೂಜಾವಿಧಿಯೇ ಎಂದು ಸಾರಿತು. ಪೂಜೆಯನ್ನು ಬಿಟ್ಟ ಬಲಿ ಕಹಿಯಾಗುತ್ತದೆ. ಬಲಿಯನ್ನು ಬಿಟ್ಟ ಪೂಜೆ ಪೊಳ್ಳಾಗುತ್ತದೆ. ಒಂದು ಇನ್ನೊಂದಕ್ಕೆ ಬೇಕು.

ಇವೆರಡನ್ನೂ ದಿನದಿನದ ಬಾಳಿನಲ್ಲಿ ಹೆಣೆಯುವುದು ಹೇಗೆ? ದೊಡ್ಡ ಸಂಕಲ್ಪಗಳು ಬೇಡ. ನಮ್ಮ ಹಿರಿಯರಿಗೆ ತಿಳಿದಿದ್ದ ಮೂರು ಸಣ್ಣ ರೂಢಿಗಳು ಸಾಕು.

ಮೊದಲನೆಯದು ಬೆಳಗಿನ ಅರ್ಪಣೆ. 1844ರಲ್ಲಿ ಫ್ರಾನ್ಸಿನ ವಾಲ್ಸ್ ಎಂಬಲ್ಲಿ ಯೇಸುಸಭೆಯ ಯುವ ವಿದ್ಯಾರ್ಥಿಗಳು, ದೂರದೇಶಗಳ ಧರ್ಮಪ್ರಚಾರಕ್ಕೆ ಹೊರಡುವ ಕಾತರದಲ್ಲಿ, ಮುಂದಿದ್ದ ಓದಿನ ಬಗ್ಗೆ ಬೇಸರಗೊಂಡಿದ್ದರು. ಅವರ ಗುರು ಗೊತ್ರೆಲೆಯವರು, ಈ ಓದನ್ನೇ, ಈ ದಿನವನ್ನೇ ದೇವರಿಗೆ ಅರ್ಪಿಸಿ, ಅದೇ ನಿಮ್ಮ ಪ್ರೇಷಿತಕಾರ್ಯ ಎಂದು ತಿಳಿಹೇಳಿದರು. ಅದರಿಂದ ಹುಟ್ಟಿದ ಬೆಳಗಿನ ಅರ್ಪಣೆಯ ರೂಢಿ ಲೋಕವನ್ನೆಲ್ಲ ವ್ಯಾಪಿಸಿತು. ಎದ್ದ ಕೂಡಲೇ ಕೈ ಮೊಬೈಲಿಗೆ ಹೋಗುವ ಮುನ್ನ ಶಿಲುಬೆಯ ಗುರುತು ಮಾಡಿ, ನಿಮ್ಮದೇ ಮಾತಿನಲ್ಲಿ, 'ಸ್ವಾಮಿ, ಈ ದಿನ ನಿನ್ನದು' ಎನ್ನಿ. ಅಂದು ಯಾವ ಕೆಲಸ ಬೇಸರ ತರುವುದೋ ಅದನ್ನು ಹೆಸರಿಟ್ಟು ಅರ್ಪಿಸಿ.

ಎರಡನೆಯದು ರಾತ್ರಿಯ ಕುಟುಂಬ ಪ್ರಾರ್ಥನೆ. ಜಪಸರ ಮುಗಿದ ಮೇಲೆ ಎದ್ದುಬಿಡಬೇಡಿ. ಹಗಲಲ್ಲಿ ಯಾರನ್ನು ನೋಯಿಸಿದಿರೋ ಅವರು ಅದೇ ಚಾಪೆಯ ಮೇಲೆ ಕುಳಿತಿರಬಹುದು. ಗಂಡ ಹೆಂಡತಿಯ ಮುಂದೆ, ತಾಯಿ ಮಗಳ ಮುಂದೆ 'ತಪ್ಪಾಯಿತು' ಎಂದರೆ ಅಂದಿನ ಪ್ರಾರ್ಥನೆಗೆ ನಿಜವಾದ ಆಮೆನ್ ಬಿದ್ದಂತೆ. ಮತ್ತಾಯನ ಐದನೆಯ ಅಧ್ಯಾಯದಲ್ಲಿ ಪ್ರಭು ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಹೋಗಿ ಸೋದರನೊಡನೆ ರಾಜಿಯಾಗಲು ಹೇಳಿದ್ದು ಇದಕ್ಕೇ ಅಲ್ಲವೇ?

ಮೂರನೆಯದು ಭಾನುವಾರ ದೇವಾಲಯದಿಂದ ಹೊರಡುವ ದಾರಿ. ಲತೀನಿನಲ್ಲಿ ಬಲಿಪೂಜೆಗಿರುವ 'ಮಿಸ್ಸ' ಎಂಬ ಹೆಸರು ಬಂದದ್ದು ಕೊನೆಯಲ್ಲಿ ಜನರನ್ನು ಬೀಳ್ಕೊಡುವ ಮಾತಿನಿಂದ. ಕಳುಹಿಸುವುದೇ ಪೂಜೆಯ ಹೆಸರಾಯಿತು! ಕಳುಹಿಸಲ್ಪಟ್ಟವರಿಗೆ ವಿಳಾಸವೊಂದು ಬೇಕು. ನಿಮ್ಮ ಪಾಲಿಗೆ ಅದು ಯಾರ ಮನೆ?

ಆ ಹಿರಿಯ ಮಗನ ವಿಷಯವನ್ನು ನಾನು ಪ್ರಬೋಧನೆಯಲ್ಲಿ ಎತ್ತಲಿಲ್ಲ. ಒಂದು ಸಂಜೆ ಅವರ ಮನೆಗೆ ಹೋಗಿ, ಮೊದಲು ನನ್ನ ಕುರುಡುತನವನ್ನು ಒಪ್ಪಿಕೊಂಡೆ. ಬಹಳ ಹೊತ್ತು ಅವರು ಮಾತಾಡಲಿಲ್ಲ. ಕಡೆಗೆ, "ಅವ್ವನ್ನ ಆ ಸ್ಥಿತೀಲಿ ನೋಡೋ ಧೈರ್ಯ ನನಗಿಲ್ಲ ಸ್ವಾಮಿ. ಚರ್ಚಿಗೆ ಬಂದ್ರೆ ಸಮಾಧಾನ ಇರುತ್ತೆ" ಎಂದರು. ಕಠಿಣ ಹೃದಯಿ ಎಂದುಕೊಂಡು ಹೋಗಿದ್ದ ನನಗೆ ಎದುರಾದದ್ದು ಹೆದರಿದ ಮಗ. ಎಷ್ಟೋ ಸಲ ನಾವು ದೇವಾಲಯಕ್ಕೆ ಬರುವುದು ದೇವರನ್ನು ಹುಡುಕಿಕೊಂಡೋ, ಮನೆಯಿಂದ ತಪ್ಪಿಸಿಕೊಂಡೋ ಎಂಬುದು ನಮಗೇ ತಿಳಿದಿರುವುದಿಲ್ಲ.

ನಂತರದ ಭಾನುವಾರ ಮೊದಲ ಪೂಜೆಯಲ್ಲಿ ವಾಚನ ಓದಿ ಅವರು ನೇರ ತಾಯಿಯ ಬಳಿಗೆ ಹೋದರು. ಎರಡನೆಯ ಪೂಜೆಗೆ, ಒಂಬತ್ತು ತಿಂಗಳ ಬಳಿಕ, ಆ ಸೊಸೆ ಬಂದರು. ಮುಂದೆ ಎಲ್ಲ ಭಾನುವಾರಗಳೂ ಹಾಗೆಯೇ ನಡೆದವೆಂದು ಹೇಳಲಾರೆ. ಕೆಲವು ತಪ್ಪಿದವು. ಆದರೆ ಒಂದು ದಿನ ಪೂಜಾವಸ್ತ್ರಗಳ ಕೋಣೆಗೆ ಬಂದು ಅವರು ಮೆಲ್ಲಗೆ ಹೇಳಿದರು: "ಗಂಜಿ ಕುಡಿಸುವಾಗ ಅವ್ವನ ತಲೆ ಎಷ್ಟು ಎತ್ತಬೇಕು ಅಂತ ಈಗ ಗೊತ್ತಾಗಿದೆ ಸ್ವಾಮಿ."

ಪ್ರಿಯರೇ, ಬರುವ ಭಾನುವಾರ ಗುರುಗಳು ಪಾತ್ರೆಗೆ ಆ ಹನಿ ನೀರನ್ನು ಬೆರೆಸುವಾಗ ಕಣ್ಣೆತ್ತಿ ನೋಡಿ. ನೀವು ದೂರವಿಟ್ಟಿರುವ ಒಂದು ಹೆಸರನ್ನು, ಮುಂದೂಡಿರುವ ಒಂದು ಕರ್ತವ್ಯವನ್ನು ಅದರೊಳಗೆ ಇಡಿ. ದಾರಿಯಲ್ಲಿ ಯಾರಾದರೂ "ಪೂಜೆ ಆಯ್ತಾ?" ಎಂದು ಕೇಳಿದರೆ, "ಆಯ್ತು, ಬಲಿ ಬಾಕಿಯಿದೆ" ಎಂದು ಮನದಲ್ಲೇ ಹೇಳಿಕೊಂಡು ಆ ಮನೆಯ ಕಡೆಗೆ ತಿರುಗಿ. ತನ್ನನ್ನೇ ನಮಗಾಗಿ ಅರ್ಪಿಸಿದ ಪ್ರಭು ನಿಮ್ಮ ಹೆಜ್ಜೆಗಳನ್ನು ಹರಸಲಿ.