ಕಿಸೆಯೊಳಗಿನ ಕೋವಿ

ಕಳೆದ ಜಾತ್ರೆಯ ಮರುದಿನ ಮೂರನೆಯ ತರಗತಿಯ ಹುಡುಗನೊಬ್ಬನ ಚೀಲದಿಂದ ನಾವು ಒಂದು ಆಟದ ರಿವಾಲ್ವರನ್ನು ವಶಪಡಿಸಿಕೊಂಡೆವು. ಗದರಿ, ಅದನ್ನು ಮೇಜಿನೊಳಗಿಟ್ಟು, ಪಾಠವನ್ನು ಮುಂದುವರಿಸಿದೆವು. ಸಂಜೆ ಮಕ್ಕಳೆಲ್ಲ ತೆರಳಿದ ಮೇಲೆ ಅದನ್ನು ಹೊರತೆಗೆದು ನೋಡಿದೆವು. ತಗಡಿನದಾದರೂ ತಕ್ಕಮಟ್ಟಿಗೆ ತೂಕವಿತ್ತು. ಗಿಡ್ಡ ನಳಿಗೆ, ಅಗಲವಾದ ಬಾಯಿ, ಅಂಗೈ ತುಂಬುವ ಹಿಡಿ. ಉರುಳೆಯನ್ನು ಹೆಬ್ಬೆರಳಿನಿಂದ ನೂಕಿದರೆ ಟಿಕ್ ಟಿಕ್ ಎಂದು ಸುತ್ತುತ್ತಿತ್ತು. ಎಷ್ಟು ಹೊತ್ತು ಹಾಗೆ ಸುತ್ತಿಸುತ್ತ ಕುಳಿತಿದ್ದೆವೆಂಬುದು ಜವಾನನು ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತಾಗಲೇ ನಮಗೆ ಅರಿವಾದುದು. ಬೆಳಿಗ್ಗೆ ಯಾವುದಕ್ಕಾಗಿ ಹುಡುಗನನ್ನು ಗದರಿದ್ದೆವೋ ಅದನ್ನೇ ಸಂಜೆ ನಾವು ಸವಿದಿದ್ದೆವು.

ಆ ಲಜ್ಜೆಯೇ ಈ ಲೇಖನಕ್ಕೆ ಕಾರಣ. ಕೊಲ್ಲುವುದಕ್ಕೆಂದೇ ಮಾಡಿದ ವಸ್ತುವನ್ನು, ಕೊಲ್ಲುವ ಇಚ್ಛೆ ಲೇಶವೂ ಇಲ್ಲದೆ, ತನ್ನದಾಗಿ ಇಟ್ಟುಕೊಂಡು ಆನಂದಿಸುವುದು ಸಾಧ್ಯವೆ? ಸಾಧ್ಯವಾದರೆ ಅದು ನಿರ್ದೋಷವೆ?

ಅಂಥ ಆನಂದವನ್ನು ಬಲ್ಲವರು ಅಮೆರಿಕೆಯಲ್ಲಿ ಬಹುಮಂದಿ ಇದ್ದಾರೆ. ಗಿಡ್ಡ ನಳಿಗೆಯ, ದೊಡ್ಡ ಗುಂಡಿನ ರಿವಾಲ್ವರುಗಳೆಂದರೆ ಅವರಿಗೆ ವಿಶೇಷ ಪ್ರೀತಿ. ಈ ವಂಶದ ಮೂಲಪುರುಷ ಇಂಗ್ಲೆಂಡಿನದು. ಬರ್ಮಿಂಗ್‌ಹ್ಯಾಮಿನ ವೆಬ್ಲಿ ಕಂಪೆನಿಯವರು 1872ರಲ್ಲಿ ಹೊರತಂದ ಈ ರಿವಾಲ್ವರಿಗೆ ‘ಬ್ರಿಟಿಷ್ ಬುಲ್‌ಡಾಗ್’ ಎಂದು ಹೆಸರು. ನಳಿಗೆಯ ಉದ್ದ ಎರಡೂವರೆ ಅಂಗುಲ, ಗುಂಡುಗಳು ಐದು, ಗುಂಡಿನ ದಪ್ಪ ಅರ್ಧ ಅಂಗುಲಕ್ಕೆ ಸ್ವಲ್ಪವೇ ಕಡಿಮೆ. ಕೋಟಿನ ಕಿಸೆಯಲ್ಲಿ ಅಡಗುವಂಥದು. ಬೆಲ್ಜಿಯಮ್ಮಿನಲ್ಲಿಯೂ ಅಮೆರಿಕೆಯಲ್ಲಿಯೂ ಇದರ ಅನುಕರಣಗಳು ಹೇರಳವಾಗಿ ಹುಟ್ಟಿದುವು. 1973ರಲ್ಲಿ ಅಮೆರಿಕೆಯ ಚಾರ್ಟರ್ ಆರ್ಮ್ಸ್ ಕಂಪೆನಿಯು ಅದೇ ನಾಯಿಯ ಹೆಸರಿನಿಂದ ಐದು ಗುಂಡಿನ ಹೊಸ ರಿವಾಲ್ವರೊಂದನ್ನು ಮಾರುಕಟ್ಟೆಗೆ ತಂದಿತು.

ಇದರ ರಚನೆಯಲ್ಲಿ ಗಡಿಯಾರದ ಕೆಲಸದ ಸೊಗಸಿದೆಯೆಂಬುದನ್ನು ಅಲ್ಲಗಳೆಯಲಾಗದು. ಬೆರಳೊಂದು ಕುದುರೆಯನ್ನು ಹಿಂದಕ್ಕೆಳೆದರೆ, ಅದೊಂದೇ ಚಲನೆಯಿಂದ ಉರುಳೆ ತಿರುಗಿ, ಗುಂಡಿನ ಮನೆ ನಳಿಗೆಗೆ ಸಮನಾಗಿ ನಿಂತು, ಸುತ್ತಿಗೆ ಮೇಲೆದ್ದು ಬೀಳುತ್ತದೆ. ನಳಿಗೆ ಗಿಡ್ಡವಾದುದರಿಂದ ಮದ್ದು ಪೂರ್ತಿ ಉರಿಯುವ ಮೊದಲೇ ಗುಂಡು ಹೊರಬೀಳುತ್ತದೆ; ಬಾಯಲ್ಲಿ ದೊಡ್ಡ ಜ್ವಾಲೆ, ಕಿವಿಗಡಚಿಕ್ಕುವ ಸದ್ದು, ಮಣಿಕಟ್ಟಿಗೆ ಜಾಡಿಸಿ ಒದೆತ. ಗುರಿನೋಡುವ ಹಿಂದು-ಮುಂದಿನ ಬಿಂದುಗಳು ಹತ್ತಿರ ಹತ್ತಿರವಿರುವುದರಿಂದ ಕೈಯ ಸಣ್ಣ ನಡುಕವೂ ದೊಡ್ಡ ತಪ್ಪಾಗುತ್ತದೆ. ಈ ಕಷ್ಟವನ್ನು ಗೆಲ್ಲುವುದರಲ್ಲಿಯೇ ಅದರ ಪ್ರೇಮಿಗಳಿಗೆ ಸಂತೋಷ. ಕಾಗದದ ಗುರಿಯ ಮುಂದೆ ತಿಂಗಳುಗಟ್ಟಲೆ ಅಭ್ಯಾಸಮಾಡಿ, ಐದು ರಂಧ್ರಗಳನ್ನು ಒಂದು ಅಂಗೈಯಗಲದಲ್ಲಿ ಸೇರಿಸಬಲ್ಲವನ ಹಿಗ್ಗನ್ನು ರಾಕ್ಷಸ ಸುಖವೆಂದು ತಳ್ಳಿಬಿಡುವುದು ಅನ್ಯಾಯವಾದೀತು. ನಮ್ಮ ಕಡೆಯ ತೋಟದ ರೈತನು ಕಮ್ಮಾರನಿಂದ ಹೊಸದಾಗಿ ಬಂದ ಕತ್ತಿಯನ್ನು ಬೆರಳ ಮೇಲೆ ತೂಗಿ ನೋಡುವಾಗ ಅವನ ಮುಖದಲ್ಲಿ ಕಾಣುವುದೂ ಇದೇ ಬೆಳಕು.

ಆದರೆ ಕತ್ತಿಯ ಆಕಾರವನ್ನು ನಿರ್ಣಯಿಸಿದುದು ಸೊಪ್ಪು, ಸೌದೆ, ಬಳ್ಳಿ. ಈ ರಿವಾಲ್ವರಿನ ಆಕಾರವನ್ನು ನಿರ್ಣಯಿಸಿದುದು ಯಾವುದು? ನಳಿಗೆ ಗಿಡ್ಡವಾದುದು ಮರೆಯಲ್ಲಿರಲೆಂದು. ಗುಂಡು ದೊಡ್ಡದಾದುದು ಕೈಯಳತೆಯಲ್ಲಿ ನಿಂತ ಮನುಷ್ಯನು ಒಂದೇ ಏಟಿಗೆ ಬೀಳಲೆಂದು. ನಮ್ಮ ನೆರೆಯ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ತೋಕ್‌ಪೂವನ್ನು ಮುಡಿಸಿ ಪೂಜಿಸುತ್ತಾರೆ, ತೆಂಗಿನಕಾಯಿಗೆ ಗುರಿಯಿಟ್ಟು ಪಂಥ ಹೂಡುತ್ತಾರೆ. ಸಾವಿನ ಸುದ್ದಿಯನ್ನು ಊರಿಗೆ ಸಾರುವುದೂ ಕೋವಿಯ ಸದ್ದೇ. ಕೊಡವರಿಗೆ ಪರವಾನಗಿಯಿಂದಿರುವ ವಿನಾಯಿತಿಯನ್ನು ಕೇಂದ್ರ ಸರಕಾರವು 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ಮುಂದುವರಿಸಿತು. ಅದೂ ಆಯುಧವೇ ಸರಿ. ಆದರೆ ಆ ಉದ್ದ ಕೋವಿಯನ್ನು ಹೆಗಲಿಗೇರಿಸಿ ನಡೆಯುವವನನ್ನು ಊರೆಲ್ಲ ನೋಡುತ್ತದೆ. ಅವನ ಆನಂದಕ್ಕೆ ಹತ್ತು ಜನ ಸಾಕ್ಷಿಗಳು. ಕಿಸೆಯ ಕೋವಿಯ ಆನಂದದ ಒಂದು ಪಾಲು ಯಾರಿಗೂ ತಿಳಿಯದಿರುವುದರಲ್ಲಿಯೇ ಇದೆ.

ಚೆಲುವಿನ ಮೋಹವು ಎಲ್ಲಿಗೆ ಮುಟ್ಟಬಲ್ಲುದೆಂಬುದಕ್ಕೆ ಒಂದು ಪ್ರಸಂಗವನ್ನು ಹೇಳಬೇಕು. 1881ರ ಬೇಸಗೆಯಲ್ಲಿ ವಾಷಿಂಗ್ಟನ್ನಿನ ಅಂಗಡಿಯೊಂದಕ್ಕೆ ಚಾರ್ಲ್ಸ್ ಗಿಟೋ ಎಂಬವನು ಬುಲ್‌ಡಾಗ್ ರಿವಾಲ್ವರೊಂದನ್ನು ಕೊಳ್ಳಲು ಬಂದನು. ಕೈಯಲ್ಲಿದ್ದುದು ಸಾಲದ ಹಣ. ಮರದ ಹಿಡಿಯದಕ್ಕಿಂತ ದಂತದ ಹಿಡಿಯದು ಮುಂದೆ ವಸ್ತುಸಂಗ್ರಹಾಲಯದಲ್ಲಿ ಚೆಲುವಾಗಿ ಕಂಡೀತೆಂಬುದು ಅವನ ಯೋಚನೆಯಾಗಿತ್ತೆಂದು ಚರಿತ್ರಕಾರರು ಹೇಳುತ್ತಾರೆ. ನದೀತೀರಕ್ಕೆ ಹೋಗಿ ಗುರಿಯನ್ನೂ ಅಭ್ಯಾಸಮಾಡಿದನು. ಜುಲೈ 2ರಂದು ರೈಲ್ವೆ ನಿಲ್ದಾಣದಲ್ಲಿ ಅಧ್ಯಕ್ಷ ಗಾರ್ಫೀಲ್ಡರ ಬೆನ್ನಿಗೆ ಅದರಿಂದಲೇ ಗುಂಡು ಹೊಡೆದನು.

ಗಾರ್ಫೀಲ್ಡರು ಯಾರೆಂಬುದನ್ನು ಉಪಾಧ್ಯಾಯ ಬಂಧುಗಳು ಅರಿತಿರಬೇಕು. ಮರದ ದಿಮ್ಮಿಗಳ ಗುಡಿಸಲಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು, ಶಾಲೆಯ ನೆಲಗುಡಿಸಿ ವಿದ್ಯೆ ಕಲಿತವರು. ಹಳ್ಳಿ ಶಾಲೆಗಳಲ್ಲಿ ಪಾಠಹೇಳಿದವರು. ತಾವು ಕಸಗುಡಿಸಿದ ವಿದ್ಯಾಶಾಲೆಗೇ 1857ರಲ್ಲಿ ಮುಖ್ಯಸ್ಥರಾದವರು. ಗುಂಡು ತಗಲಿದ ದಿನ ತಾವು ಓದಿದ ಕಾಲೇಜಿನ ಸಮಾರಂಭಕ್ಕೆ ಹೊರಟಿದ್ದರು. ವೈದ್ಯರು ತೊಳೆಯದ ಬೆರಳುಗಳಿಂದ ಗಾಯವನ್ನು ಕೆದಕಿ ನಂಜೇರಿಸಿದರು. ಸೆಪ್ಟೆಂಬರ್ 19ರಂದು ಅವರು ತೀರಿಕೊಂಡರು. ಗಿಟೋ ಮರುವರ್ಷ ಗಲ್ಲಿಗೇರಿದನು. ರಿವಾಲ್ವರು ಅವನೆಣಿಸಿದಂತೆ ವಸ್ತುಸಂಗ್ರಹಾಲಯವನ್ನೇನೋ ಸೇರಿತು, ಆದರೆ ಅಲ್ಲಿಂದ ಹೇಗೋ ಕಳೆದುಹೋಯಿತು. ಈಗ ಉಳಿದಿರುವುದು ಅದರ ಛಾಯಾಚಿತ್ರ.

ಗಿಟೋನಿಗೆ ಬುದ್ಧಿಭ್ರಮೆಯಿತ್ತು, ಅವನನ್ನು ಮುಂದಿಟ್ಟುಕೊಂಡು ಸಜ್ಜನರನ್ನು ಅಳೆಯಬಾರದು ಎನ್ನಬಹುದು. ಒಪ್ಪತಕ್ಕ ಮಾತು. ಆತ್ಮರಕ್ಷಣೆಯ ವಾದವೂ ಗಟ್ಟಿಯಾದುದೇ: ಒಂಟಿ ಮನೆಯ ಮುದುಕಿಯನ್ನೂ ದಾಂಡಿಗನನ್ನೂ ಸಮಬಲರನ್ನಾಗಿ ಮಾಡುವ ಸಾಧನ ಬೇರೆ ಯಾವುದಿದೆ? ಅಮೆರಿಕೆಯ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ, ಮನೆಯಲ್ಲಿ ಕೈಬಂದೂಕವನ್ನಿಟ್ಟುಕೊಳ್ಳುವುದು ಪ್ರಜೆಯ ಹಕ್ಕೆಂದು ತೀರ್ಪಿತ್ತಿತು. ನಮ್ಮ ದೇಶದ ದಾರಿ ಬೇರೆ. 1959ರ ಶಸ್ತ್ರಾಸ್ತ್ರ ಕಾಯಿದೆಗೆ 2019ರಲ್ಲಿ ತಿದ್ದುಪಡಿಯಾಗಿ, ಪರವಾನಗಿಯಿದ್ದವನೂ ಇಟ್ಟುಕೊಳ್ಳಬಹುದಾದ ಬಂದೂಕಗಳ ಮಿತಿ ಮೂರರಿಂದ ಎರಡಕ್ಕಿಳಿಯಿತು. ಯಾವುದು ಸರಿಯೆಂಬ ವಾದವನ್ನು ನ್ಯಾಯವಾದಿಗಳಿಗೆ ಬಿಡುತ್ತೇವೆ. ನಮ್ಮ ಪ್ರಶ್ನೆ ಅಗತ್ಯದ್ದಲ್ಲ, ಆನಂದದ್ದು. ಔಷಧದ ಸೀಸೆಯನ್ನು ಅಗತ್ಯಕ್ಕೆ ಇಟ್ಟುಕೊಳ್ಳುತ್ತೇವೆ. ಸಂಜೆ ಹೊತ್ತು ಅದನ್ನು ಒರೆಸಿ ಹಿಗ್ಗುತ್ತ ಕೂರುವುದಿಲ್ಲ.

ನೋಡುವ ಆನಂದ ವಸ್ತುಸಂಗ್ರಹಾಲಯದಲ್ಲಿ ದೊರೆಯುತ್ತದೆ. ಗುರಿಯ ಆನಂದ ಅಭ್ಯಾಸದ ಬಯಲಿನಲ್ಲಿ, ಅಲ್ಲಿಯ ಬಂದೂಕದಿಂದ ದೊರೆಯುತ್ತದೆ. ಅದು ನನ್ನದು, ನನ್ನ ಕಿಸೆಯಲ್ಲಿದೆ ಎಂಬ ಒಡೆತನವು ಇವುಗಳಿಗೆ ಏನನ್ನು ಕೂಡಿಸುತ್ತದೆ? ಎಷ್ಟು ಯೋಚಿಸಿದರೂ ನಮಗೆ ಒಂದೇ ಉತ್ತರ ಹೊಳೆಯುತ್ತದೆ: ಬೇಕೆನಿಸಿದ ಕ್ಷಣದಲ್ಲಿ ಎದುರಿನವನ ಬಾಳನ್ನು ಮುಗಿಸಬಲ್ಲೆನೆಂಬ ಅರಿವು. ಅದನ್ನು ಬಳಸದಿರುವವನು ಸಜ್ಜನನೇ; ಆದರೆ ಅದರ ಕಾವಿನಲ್ಲಿ ಮೈಬೆಚ್ಚಗೆ ಮಾಡಿಕೊಳ್ಳುವವನೂ ಅವನೇ. ಸಂಜೆಯ ಶಾಲೆಯಲ್ಲಿ ನಮ್ಮನ್ನು ಕಟ್ಟಿ ಕೂರಿಸಿದುದು ಬರಿಯ ಟಿಕ್ ಟಿಕ್ ಸದ್ದಲ್ಲವೆಂದು ಈಗ ಅನಿಸುತ್ತದೆ.

ಇನ್ನೊಂದು ಮಾತು. ನಾಯಿಯ ಹೆಸರಿಟ್ಟವರು ನಾಯಿಯ ಗುಣವನ್ನು ಅದಕ್ಕೆ ಕೊಡಲಾರದೆ ಹೋದರು. ನಾಯಿ ಒಡೆಯನನ್ನು ಬಲ್ಲದು. ಇದಕ್ಕೆ ಹಿಡಿದ ಕೈಯೇ ಒಡೆಯ. 2023ರ ಜನವರಿ 6ರಂದು ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್ ಎಂಬ ಊರಿನಲ್ಲಿ ಒಂದನೆಯ ತರಗತಿಯ ಆರು ವರ್ಷದ ಬಾಲಕನು ತನ್ನ ಅಧ್ಯಾಪಿಕೆಗೆ ಗುಂಡು ಹೊಡೆದನು. ಅದು ರಿವಾಲ್ವರಲ್ಲ, ಪಿಸ್ತೂಲು. ತಾಯಿಯು ಕೊಂಡದ್ದು. ಗುಂಡು ಆಕೆಯ ಕೈಯನ್ನು ಹಾದು ಎದೆಗೆ ಹೊಕ್ಕಿತು. ಆಕೆ ಬದುಕಿ ಉಳಿದರು.

ನಮ್ಮ ಹುಡುಗನು ಇಂದಿಗೂ ಶುಕ್ರವಾರ ಸಂಜೆ ಮೇಜಿನ ಬಳಿ ಸುಳಿದು, ಏನನ್ನೂ ಕೇಳದೆ, ಸ್ವಲ್ಪ ಹೊತ್ತು ನಿಂತು ಹೋಗುತ್ತಾನೆ. ಅವನ ತಂದೆಯನ್ನು ಬರಹೇಳಿ ಅವರ ಕೈಗೇ ಕೊಡಬೇಕೆಂದಿದ್ದೇವೆ. ಅದುವರೆಗೆ ಮೇಜಿಗೆ ಬೀಗ ಹಾಕಿ ಕೀಲಿಯನ್ನು ಮುಖ್ಯೋಪಾಧ್ಯಾಯರಲ್ಲಿಟ್ಟಿದ್ದೇವೆ.